ಕುಂಬಳಕಾಯಿ ಬಿಟ್ಟು ಕಾಗದ ಆರಿಸಿದ ಟೀಚರ್: ಡಿಜಿಟಲ್ ಸ್ಕ್ರ್ಯಾಪ್‌ಬುಕ್ ಕಿಟ್ ಖರೀದಿಯ ಒಂದು ಪ್ರಕರಣ

ತುಮಕೂರಿನ ಎಸ್.ಎಸ್. ಪುರಂನಲ್ಲಿ ಒಬ್ಬರು ನಿವೃತ್ತ ಟೀಚರ್ ಇದ್ದಾರೆ. ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವರು. ಮೊಮ್ಮಗಳ ಮೊದಲ ಎರಡು ವರ್ಷದ ಆಲ್ಬಮ್ ತಾವೇ ಮಾಡಬೇಕು ಅಂತ ಕಂಪ್ಯೂಟರ್ ಮುಂದೆ ಕೂತರು. ಅದಕ್ಕಾಗಿ ಇಪ್ಪತ್ತಕ್ಕೂ ಜಾಸ್ತಿ ಡಿಜಿಟಲ್ ಸ್ಕ್ರ್ಯಾಪ್‌ಬುಕ್ ಕಿಟ್ ಕೊಂಡರು. ಆಲ್ಬಮ್ ಪ್ರಿಂಟ್ ಆಗಿ ಕೈಗೆ ಬಂದ ಮೇಲೆ ಫೋಲ್ಡರ್‌ಗಳನ್ನು ತೆರೆದು ನೋಡಿದರೆ, ಪುಟಗಳಲ್ಲಿ ನಿಜವಾಗಿ ಬಳಕೆಯಾದ ಕಿಟ್ ಆರೋ ಏಳೋ ಅಷ್ಟೆ. ಉಳಿದವು ಒಮ್ಮೆ ತೆರೆದು ಮುಚ್ಚಿದವು.

ಮದುವೆ ಆಲ್ಬಮ್ ಡಿಸೈನ್ ಮಾಡುವುದು ನನ್ನ ಕೆಲಸ. ಅವರ ಪುಟಗಳು ಪ್ರಿಂಟ್‌ಗೆ ಹೋಗುವ ಮುಂಚೆ ನನ್ನ ಕಂಪ್ಯೂಟರ್‌ಗೆ ಬರುತ್ತಿದ್ದವು. ಯಾವ ಕಿಟ್ ಯಾಕೆ ಕೊಂಡರು, ಯಾವುದನ್ನು ಯಾಕೆ ಬಿಟ್ಟರು ಅಂತ ಅವರು ಮಾತಾಡುತ್ತಲೇ ಇರುತ್ತಿದ್ದರು. ಅದನ್ನೆಲ್ಲ ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆ ಈ ಹವ್ಯಾಸ ಇಟ್ಟುಕೊಂಡವರು ಕಡಿಮೆ. ಇರುವವರು ದುಡ್ಡು ಕೊಡುವ ಮುಂಚೆ ಏನು ನೋಡುತ್ತಾರೆ ಅನ್ನುವುದನ್ನು ಯಾರೂ ಬರೆದಿಟ್ಟಂತೆ ಕಾಣಲಿಲ್ಲ.

ಹೊಸಬರಿಗೆ ಎರಡು ಮಾತು. ಫೋಟೋಗಳನ್ನು ಅಲಂಕಾರದ ಕಾಗದ, ಹೂವು, ಬರಹದ ಜೊತೆ ಜೋಡಿಸಿ ಮಾಡುವ ಆಲ್ಬಮ್ಮೇ ಸ್ಕ್ರ್ಯಾಪ್‌ಬುಕ್. ಅದನ್ನು ಕಂಪ್ಯೂಟರ್‌ನಲ್ಲಿ ಮಾಡಿದರೆ ಡಿಜಿಟಲ್ ಸ್ಕ್ರ್ಯಾಪ್‌ಬುಕ್. ಡಿಜಿಟಲ್ ಕಿಟ್ ಅಂದರೆ ಒಂದು ಜಿಪ್ ಫೈಲ್. ಒಳಗೆ ಹಿನ್ನೆಲೆಗೆ ಹಾಕುವ ಕಾಗದಗಳು ಜೆಪಿಜಿ ರೂಪದಲ್ಲಿ ಇರುತ್ತವೆ. ಹೂವು, ರಿಬ್ಬನ್, ಫ್ರೇಮ್, ಗುಂಡಿ, ದಾರ, ಚೀಟಿ ಮುಂತಾದ ಎಲಿಮೆಂಟ್‌ಗಳು ಸುತ್ತ ಹಿನ್ನೆಲೆ ಇಲ್ಲದ ಪಿಎನ್‌ಜಿ ರೂಪದಲ್ಲಿ ಇರುತ್ತವೆ. ಜೊತೆಗೆ ಅಲಂಕಾರದ ಅಕ್ಷರಗಳ ಕಟ್ಟು, ಅದಕ್ಕೆ ಆಲ್ಫಾ ಅಂತಾರೆ. ಸಾಮಾನ್ಯ ಅಳತೆ 12 ಇಂಚಿಗೆ 12 ಇಂಚು, ಇಂಚಿಗೆ 300 ಪಿಕ್ಸೆಲ್. ಅಂದರೆ ಒಂದು ಕಾಗದ 3600 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ. ಫೋಟೋಶಾಪ್, ಗಿಂಪ್ ಥರದ ಸಾಫ್ಟ್‌ವೇರ್‌ನಲ್ಲಿ ಇವನ್ನು ಪದರ ಪದರವಾಗಿ ಜೋಡಿಸಿ ನಮ್ಮ ಫೋಟೋ ಸೇರಿಸಿದರೆ ಒಂದು ಪುಟ ಆಗುತ್ತದೆ.

ಸ್ಕ್ರ್ಯಾಪ್‌ಬುಕ್ ಹವ್ಯಾಸ ಇವತ್ತಿನ ರೂಪದಲ್ಲಿ ಬೆಳೆದದ್ದು ಅಮೆರಿಕದ ಯೂಟಾ ರಾಜ್ಯದಲ್ಲಿ, ಆಗ ನಿಜವಾದ ಕಾಗದದ ಮೇಲೆ. 1980ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ನಡೆದ ವಂಶಾವಳಿ ದಾಖಲೆಗಳ ವಿಶ್ವ ಸಮ್ಮೇಳನದಲ್ಲಿ ಮೇರಿಲೆನ್ ಕ್ರಿಸ್ಟೆನ್‌ಸೆನ್ ಎಂಬಾಕೆ ತಮ್ಮ ಕುಟುಂಬದ ಆಲ್ಬಮ್‌ಗಳನ್ನು ಪ್ರದರ್ಶನಕ್ಕೆ ಇಟ್ಟಿದ್ದರು. ಅಲ್ಲಿಂದ ಇದು ಹರಡಿತು. ಇವತ್ತಿಗೂ ಕಿಟ್ ಮಾಡುವ ಡಿಸೈನರ್‌ಗಳಲ್ಲಿ ಅಮೆರಿಕ, ಯುರೋಪಿನವರೇ ಜಾಸ್ತಿ. ಹಾಗಾಗಿ ಕಿಟ್ ಮಾರುವ ಆನ್‌ಲೈನ್ ಅಂಗಡಿಗಳ ಕ್ಯಾಲೆಂಡರ್ ಅವರದ್ದು. ಅಕ್ಟೋಬರ್‌ನಲ್ಲಿ ಹ್ಯಾಲೋವೀನ್ ಮತ್ತು ಎಲೆ ಉದುರುವ ಕಾಲ, ಡಿಸೆಂಬರ್‌ನಲ್ಲಿ ಹಿಮ ಮತ್ತು ಕ್ರಿಸ್‌ಮಸ್, ಬೇಸಿಗೆಯಲ್ಲಿ ಸಮುದ್ರ ತೀರ. ಸೀಮಂತ, ನಾಮಕರಣ, ಗೌರಿ ಹಬ್ಬ, ಜಾತ್ರೆ ಅಂತ ಹುಡುಕಿದರೆ ಟೀಚರ್‌ಗೆ ಸಿಕ್ಕಿದ್ದು ಏನೂ ಇಲ್ಲ. ಅವರ ಆಯ್ಕೆಯ ಕಥೆ ಶುರುವಾಗುವುದು ಇಲ್ಲಿಂದಲೇ.

ಮೊದಮೊದಲು ಕೊಂಡದ್ದು

ಮೊದಲ ಕಿಟ್ ಕೊಂಡದ್ದು ಹೆಸರು ನೋಡಿ. ಹೆಣ್ಣುಮಗುವಿನ ಕಿಟ್ ಅಂತ ಇತ್ತು. ತಿಳಿ ಗುಲಾಬಿ, ತಿಳಿ ಹಸಿರು, ಮೊಲದ ಮರಿ, ಚಿಕ್ಕ ಬಲೂನು. ಮಗುವಿನ ಆಲ್ಬಮ್‌ಗೆ ಮಗುವಿನ ಕಿಟ್ ತಾನೇ ಬೇಕು, ಅಲ್ವಾ? ಎರಡನೆಯದು ಭಾರತದ ಹೆಸರಿದ್ದ ಕಿಟ್. ಆನೆ, ನವಿಲು, ಮೆಹೆಂದಿ, ಗಾಢ ಗುಲಾಬಿ, ನೀಲಿ. ಆಮೇಲೆ ಒಂದಷ್ಟು ಕಿಟ್ ಸೇಲ್‌ನಲ್ಲಿ ಬಂದವು. ಮೇ ತಿಂಗಳ ಮೊದಲ ಶನಿವಾರ ಅಮೆರಿಕದಲ್ಲಿ ರಾಷ್ಟ್ರೀಯ ಸ್ಕ್ರ್ಯಾಪ್‌ಬುಕ್ ದಿನ. ಆ ವಾರ ಅಂಗಡಿಗಳು ಬೆಲೆ ಇಳಿಸುತ್ತವೆ. ಇದಲ್ಲದೆ ಹಳೆ ಕಿಟ್‌ಗಳನ್ನು ಮಾರಾಟದಿಂದ ತೆಗೆಯುವ ಮುಂಚೆ ಕಡಿಮೆ ಬೆಲೆಗೆ ಬಿಡುವುದೂ ಉಂಟು. ಇನ್ನು ಮುಂದೆ ಸಿಗುವುದಿಲ್ಲ ಅಂತ ಬರೆದಿದ್ದರೆ ಕೈ ತಡೆಯುವುದು ಕಷ್ಟ.

ಬಳಕೆಯಾಗದೆ ಉಳಿದ ಕಿಟ್‌ಗಳಲ್ಲಿ ಸೇಲ್‌ನವೇ ಹೆಚ್ಚು. ಅದನ್ನು ನಾನು ದುರಾಸೆ ಅನ್ನುವುದಿಲ್ಲ. ಹವ್ಯಾಸದವರಿಗೆ ಕಿಟ್ ನೋಡುವುದು, ತೆರೆಯುವುದು, ಫೋಲ್ಡರ್‌ನಲ್ಲಿ ಜೋಡಿಸುವುದೂ ಸಂತೋಷದ ಭಾಗ. ಟೀಚರ್ ಕೂಡ ಹಾಗೇ ಹೇಳಿದರು: "ಕೆಲವು ಪುಟ ಮಾಡೋಕೆ ಅಂತ ತಗೊಂಡೆ, ಕೆಲವು ಚೆಂದ ಇದೆ ಅಂತ ತಗೊಂಡೆ." ಆದರೆ ಪುಟ ಮಾಡಲೆಂದೇ ಕೊಂಡ ಆ ಎರಡು ಕಿಟ್, ಮಗುವಿನದು ಮತ್ತು ಭಾರತದ್ದು, ಅವೂ ಕೆಲಸಕ್ಕೆ ಬರಲಿಲ್ಲ. ಅದು ಯಾಕೆ ಅನ್ನುವುದು ಹೆಚ್ಚು ಮುಖ್ಯ.

ಬಣ್ಣವೇ ಮೊದಲು

ನಾಮಕರಣದ ಫೋಟೋಗಳನ್ನು ನೀವು ಊಹಿಸಿಕೊಳ್ಳಿ. ರೆಡ್ ಆಕ್ಸೈಡ್ ನೆಲ. ಚೆಂಡುಹೂವಿನ ಹಾರ ಸುತ್ತಿದ ಮರದ ತೊಟ್ಟಿಲು. ಮಗುವಿನ ತಲೆಗೆ ಕೆಂಪು ಕುಲಾವಿ. ತಾಯಿಯ ಮೈಮೇಲೆ ಅರಿಶಿನ ಬಣ್ಣದ ರೇಷ್ಮೆ ಸೀರೆ, ಕುಂಕುಮ ಬಣ್ಣದ ಅಂಚು. ಮೂಲೆಯಲ್ಲಿ ಬಾಳೆ ಎಲೆ, ಹಿತ್ತಾಳೆ ದೀಪ. ಮನೆಯೊಳಗಿನ ಬೆಳಕು ಬೇರೆ ಸ್ವಲ್ಪ ಹಳದಿ.

ಇದನ್ನು ತಿಳಿ ಗುಲಾಬಿ ಕಾಗದದ ಮೇಲೆ ಇಟ್ಟರೆ ಫೋಟೋ ಮಾಸಿದ ಹಾಗೆ ಕಾಣುತ್ತದೆ. ಮುಖಗಳು ಇದ್ದದ್ದಕ್ಕಿಂತ ಮಂಕಾಗುತ್ತವೆ. ತಪ್ಪು ಫೋಟೋದ್ದಲ್ಲ. ತೆಳು ಬಣ್ಣದ ಪಕ್ಕ ಗಾಢ ಬಣ್ಣ ಇಟ್ಟಾಗ ಕಣ್ಣಿಗೆ ಹಾಗೆ ಕಾಣುತ್ತದೆ. ಭಾರತದ ಕಿಟ್‌ನಲ್ಲಿ ಇನ್ನೊಂದು ತೊಂದರೆ. ಕಾಗದಗಳು ಫೋಟೋಗಿಂತ ಜೋರಾಗಿದ್ದವು. ಅದೂ ಅಲ್ಲದೆ ಅದರಲ್ಲಿದ್ದ ಅರಮನೆಯ ಕಮಾನು, ಅಂಬಾರಿ ಆನೆ ಇವರ ಮನೆಯ ಚಿತ್ರಕ್ಕೆ ಸಂಬಂಧವೇ ಇಲ್ಲದವು. ದೂರದಿಂದ ನೋಡಿದವರು ಕಲ್ಪಿಸಿಕೊಂಡ ಭಾರತ ಅದು. ಎಸ್.ಎಸ್. ಪುರಂನ ಒಂದು ಮನೆಯ ಹಾಲ್ ಅದರಲ್ಲಿ ಇರಲು ಹೇಗೆ ಸಾಧ್ಯ?

ಆಗ ಟೀಚರ್ ಒಂದು ಕ್ರಮ ಹಿಡಿದರು. ನನಗೆ ಬಹಳ ಇಷ್ಟವಾದದ್ದು ಇದೇ. ಸ್ಕ್ರೀನ್‌ನ ಒಂದು ಕಡೆ ತಮ್ಮ ಫೋಟೋ, ಇನ್ನೊಂದು ಕಡೆ ಕಿಟ್‌ನ ಪ್ರಿವ್ಯೂ, ಅಂದರೆ ಒಳಗೇನಿದೆ ಅಂತ ಅಂಗಡಿ ತೋರಿಸುವ ಚಿತ್ರ. ಸೀರೆಯನ್ನು ಅಂಗಡಿಗೇ ತಗೊಂಡು ಹೋಗಿ ಬ್ಲೌಸ್ ಪೀಸ್ ಮ್ಯಾಚ್ ಮಾಡುವ ಹಾಗೆ. ಕಿಟ್‌ನ ಹೆಸರು, ಥೀಮ್ ಯಾವುದನ್ನೂ ಓದುವುದಿಲ್ಲ. ಪ್ರಿವ್ಯೂನಲ್ಲಿ ಕಾಗದದ ಬಣ್ಣಗಳ ಸಾಲು ಇರುತ್ತದಲ್ಲ, ಅದು ಫೋಟೋದ ಪಕ್ಕ ಹೊಂದುತ್ತದಾ ಅಂತ ಅಷ್ಟೇ ನೋಡುವುದು.

ಹಾಗೆ ನೋಡಿದಾಗ ನಾಮಕರಣಕ್ಕೆ ಚೆನ್ನಾಗಿ ಕೂತದ್ದು ಎಲೆ ಉದುರುವ ಕಾಲದ ಕಿಟ್. ಸಾಸಿವೆ ಹಳದಿ, ತುಕ್ಕಿನ ಕೆಂಪು, ಕಂದು, ಮಾಸಲು ಹಸಿರು. ಎಲಿಮೆಂಟ್‌ಗಳಲ್ಲಿ ಇದ್ದದ್ದು ಕುಂಬಳಕಾಯಿ, ಮೇಪಲ್ ಎಲೆ, ಬೆದರುಬೊಂಬೆ. ಅವನ್ನೆಲ್ಲ ಬಿಟ್ಟರು. ಕಾಗದ, ದಾರ, ಗುಂಡಿ, ಮರದ ಫ್ರೇಮ್ ಉಳಿಸಿಕೊಂಡರು. ಗೌರಿ ಹಬ್ಬದ ಪುಟಗಳು ಕ್ರಿಸ್‌ಮಸ್ ಕಿಟ್‌ನಿಂದ ಆದವು. ಕೆಂಪು, ಹಸಿರು, ಚಿನ್ನದ ಬಣ್ಣ. ಮೊರದ ಬಾಗಿನ, ಹಸಿರು ಬಳೆ, ಅರಿಶಿನ ಕುಂಕುಮದ ಫೋಟೋಗೆ ಅದಕ್ಕಿಂತ ಹೊಂದುವ ಬಣ್ಣ ಇಲ್ಲ. ಸಾಂಟಾ ಮತ್ತು ಜಿಂಕೆ ಫೋಲ್ಡರ್‌ನಲ್ಲೇ ಉಳಿದರು. ದೀಪದ ಸರ ಮತ್ತು ನಕ್ಷತ್ರ ದೀಪಾವಳಿ ಪುಟಕ್ಕೆ ಹೋದವು. ದೇವರಾಯನದುರ್ಗದಲ್ಲಿ ಮಗುವಿನ ಮುಡಿ ಕೊಟ್ಟ ದಿನದ ಫೋಟೋಗಳು ಬೇರೆ ಥರ. ಬೂದು ಬಂಡೆ, ಕಾಡಿನ ಹಸಿರು, ಆಕಾಶ. ನಾಮದ ಚಿಲುಮೆಯ ಹತ್ತಿರ ಊಟ ಮಾಡಿದ ಫೋಟೋಗಳೂ ಅವುಗಳ ಜೊತೆಗಿದ್ದವು. ಅವಕ್ಕೆ ಟೆಂಟ್ ಹಾಕಿ ಕಾಡಿನಲ್ಲಿ ಉಳಿಯುವವರಿಗೆ ಮಾಡಿದ ಕಿಟ್ ಸರಿಹೋಯಿತು. ಕಂದು ರಟ್ಟಿನ ಕಾಗದ, ಕಡು ಹಸಿರು, ಬಾಣದ ಗುರುತು. ಅದರಲ್ಲಿ ಬಿಟ್ಟದ್ದು ಕರಡಿಯೊಂದನ್ನೇ.

ಇದರಿಂದ ಅವರ ಖರೀದಿಯ ರೀತಿಯೇ ಬದಲಾಯಿತು. ಪೂರ್ತಿ ಕಿಟ್ ಕೊಳ್ಳುವುದು ಕಡಿಮೆಯಾಯಿತು. ಬಹಳ ಅಂಗಡಿಗಳಲ್ಲಿ ಕಾಗದದ ಕಟ್ಟು ಬೇರೆ, ಎಲಿಮೆಂಟ್ ಬೇರೆ, ಆಲ್ಫಾ ಬೇರೆ ಅಂತ ಬಿಡಿಯಾಗಿಯೂ ಮಾರುತ್ತಾರೆ. ಎಲ್ಲ ಸೇರಿಸಿದ ಕಟ್ಟಿಗೆ ರಿಯಾಯಿತಿ ಇರುತ್ತದೆ. ರಿಯಾಯಿತಿ ಲೆಕ್ಕ ನೋಡಿದರೆ ಕಟ್ಟೇ ಲಾಭ ಅನ್ನಿಸುತ್ತದೆ. ಆದರೆ ಕುಂಬಳಕಾಯಿ ಬೇಡದವರಿಗೆ ಕಾಗದ ಮಾತ್ರ ಕೊಳ್ಳುವುದೇ ನಿಜವಾದ ಉಳಿತಾಯ. ಕಾಗದದಲ್ಲೂ ಅವರು ಒಂದು ವಿಷಯ ಗಮನಿಸುತ್ತಿದ್ದರು. ಚಿತ್ರವಿರುವ ಕಾಗದ ಎಷ್ಟು, ಸಾದಾ ಕಾಗದ ಎಷ್ಟು? ಸೀರೆ, ರಂಗೋಲಿ, ಹೂವು ತುಂಬಿದ ಫೋಟೋಗೆ ಸಾದಾ ಹಿನ್ನೆಲೆ ಬೇಕು. ಸಾದಾ ಕಾಗದ ಜಾಸ್ತಿ ಇರುವ ಕಟ್ಟಿಗೆ ಅವರ ಕೈ ಬೇಗ ಹೋಗುತ್ತಿತ್ತು.

ನಂಬಿಕೆ ಹುಟ್ಟುವುದು ಹೇಗೆ

ಪ್ರಿವ್ಯೂ ಚಿತ್ರ ಚಿಕ್ಕದು. 3600 ಪಿಕ್ಸೆಲ್‌ನ ಕಾಗದ ಅಲ್ಲಿ ಹೆಬ್ಬೆರಳಿನಷ್ಟು ಕಾಣುತ್ತದೆ. ಹೂವಿನ ಅಂಚು ನುಣುಪಾಗಿ ಕತ್ತರಿಸಿದೆಯೋ, ಸುತ್ತ ಬಿಳಿ ಗೆರೆ ಉಳಿದಿದೆಯೋ ಗೊತ್ತಾಗುವುದಿಲ್ಲ. ಗಾಢ ಬಣ್ಣದ ಕಾಗದದ ಮೇಲೆ ಇಟ್ಟಾಗ ಆ ಬಿಳಿ ಗೆರೆ ಎದ್ದು ಕಾಣುತ್ತದೆ. ತಿಳಿ ಬಣ್ಣ ಬಳಸುವವರಿಗೆ ಇದು ದೊಡ್ಡ ವಿಷಯ ಅನ್ನಿಸದೇ ಇರಬಹುದು. ಟೀಚರ್ ಬಳಸುವುದೇ ಗಾಢ ಬಣ್ಣ. ನೆರಳೂ ಹಾಗೇ. ನೆರಳು ಸೇರಿಸಿಯೇ ಕೊಟ್ಟ ಎಲಿಮೆಂಟ್‌ಗಳು ಒಂದು ದಿಕ್ಕಿನ ಬೆಳಕಿಗೆ ಮಾತ್ರ ಸರಿ. ನೆರಳಿಲ್ಲದೆ ಕೊಟ್ಟರೆ ನಾವೇ ಬೇಕಾದ ಕಡೆ ಹಾಕಿಕೊಳ್ಳಬಹುದು.

ಈ ವಿಷಯದಲ್ಲಿ ಅವರಿಗೆ ನೆರವಾದದ್ದು ಉಚಿತ ಮಿನಿ ಕಿಟ್. ಬಹಳ ಡಿಸೈನರ್‌ಗಳು ನಾಲ್ಕಾರು ಕಾಗದ, ಕೆಲವು ಎಲಿಮೆಂಟ್ ಇರುವ ಚಿಕ್ಕ ಕಿಟ್ ಸುಮ್ನೆ ಕೊಡುತ್ತಾರೆ. ಟೀಚರ್ ಅದನ್ನು ಇಳಿಸಿಕೊಂಡು, ನೂರು ಪರ್ಸೆಂಟ್ ಅಳತೆಗೆ ಹಿಗ್ಗಿಸಿ, ಕಡು ಕೆಂಪು ಕಾಗದದ ಮೇಲೆ ಪ್ರತಿ ಹೂವನ್ನೂ ಇಟ್ಟು ಅಂಚು ನೋಡುತ್ತಿದ್ದರು. ಮಕ್ಕಳ ಕಾಪಿ ತಿದ್ದಿದ ಕಣ್ಣು, ಏನನ್ನೂ ಬಿಡುವುದಿಲ್ಲ. ಆ ಪರೀಕ್ಷೆಯಲ್ಲಿ ಪಾಸಾದ ಡಿಸೈನರ್‌ಗಳ ಹೆಸರು ಒಂದು ನೋಟ್‌ಬುಕ್‌ನಲ್ಲಿದೆ. ಬಳಕೆಯಾದ ಆರೇಳು ಕಿಟ್‌ಗಳಲ್ಲಿ ಹೆಚ್ಚಿನವು ಆ ಕೆಲವೇ ಹೆಸರುಗಳಿಂದ ಬಂದವು. ಉಚಿತವಾಗಿ ಕೊಟ್ಟರೆ ಯಾರೂ ಕೊಳ್ಳುವುದಿಲ್ಲ ಅನ್ನುವವರು ಈ ಪ್ರಕರಣ ನೋಡಬೇಕು.

ಕೊಳ್ಳಲು ಪ್ರೇರೇಪಿಸಿದ ಇನ್ನೊಂದು ಸಂಗತಿ, ಅದೇ ಕಿಟ್‌ನಿಂದ ಬೇರೆಯವರು ಮಾಡಿದ ಪುಟಗಳು. ಡಿಸೈನರ್‌ಗಳು ಕ್ರಿಯೇಟಿವ್ ಟೀಮ್ ಇಟ್ಟುಕೊಂಡಿರುತ್ತಾರೆ. ಹೊಸ ಕಿಟ್ ಅವರಿಗೆ ಮೊದಲೇ ಉಚಿತವಾಗಿ ಸಿಗುತ್ತದೆ, ಬದಲಿಗೆ ಅವರು ಮಾದರಿ ಪುಟ ಮಾಡಿ ಕೊಡುತ್ತಾರೆ. ಪ್ರಿವ್ಯೂಗಿಂತ ಈ ಪುಟಗಳು ಹೆಚ್ಚು ನಿಜ ಹೇಳುತ್ತವೆ ಅನ್ನುವುದು ನನ್ನ ಅಭಿಪ್ರಾಯವೂ ಹೌದು. ಟೀಚರ್ ಅವುಗಳಲ್ಲಿ ಕಡು ಬಣ್ಣದ ಫೋಟೋ, ಮನೆಯೊಳಗಿನ ಹಳದಿ ಬೆಳಕಿನ ಫೋಟೋ ಬಳಸಿದ ಪುಟ ಇದೆಯಾ ಅಂತ ಹುಡುಕುತ್ತಿದ್ದರು. ಒಂದು ಸಿಕ್ಕರೂ ಸಾಕು, ಆ ಕಿಟ್ ಬುಟ್ಟಿಗೆ ಹೋಗುತ್ತಿತ್ತು.

ಕನ್ನಡ ಅಕ್ಷರ

ಆಲ್ಫಾ ಕಟ್ಟಿನಲ್ಲಿ ಇಂಗ್ಲಿಷಿನ 26 ಅಕ್ಷರ, ಅಂಕಿಗಳು, ಒಂದಷ್ಟು ಚಿಹ್ನೆ ಇರುತ್ತವೆ. ಪ್ರತಿ ಅಕ್ಷರ ಒಂದು ಚಿತ್ರ. ಕನ್ನಡಕ್ಕೆ ಹಾಗೆ ಮಾಡಲು ಆಗುವುದಿಲ್ಲ. 34 ವ್ಯಂಜನಕ್ಕೆ ಕಾಗುಣಿತ ಸೇರಿಸಿದರೇ ನಾನೂರು ದಾಟುತ್ತದೆ, ಒತ್ತಕ್ಷರ ಆಮೇಲಿನ ಮಾತು. ಮೊಮ್ಮಗಳ ಹೆಸರಿನಲ್ಲೇ ಒಂದು ಒತ್ತಕ್ಷರ ಇದೆ. ಅಜ್ಜಿ ಮಾಡಿದ ಆಲ್ಬಮ್‌ನಲ್ಲಿ ಆ ಹೆಸರು ಕನ್ನಡದಲ್ಲೇ ಇರಬೇಕು, ಅದರಲ್ಲಿ ರಾಜಿ ಇಲ್ಲ ಅಂದರು. ನನಗೂ ಅದು ಸರಿ ಅನ್ನಿಸಿತು.

ಟೀಚರ್ ಬಳಸುವುದು ಗಿಂಪ್. ಅದು ಉಚಿತ, ಯೂನಿಕೋಡ್ ಕನ್ನಡವನ್ನು ಒಡೆಯದೆ ಸರಿಯಾಗಿ ತೋರಿಸುತ್ತದೆ. ಹಳೆಯ ಫೋಟೋಶಾಪ್‌ನಲ್ಲಿ ಒತ್ತಕ್ಷರ ಚೆಲ್ಲಾಪಿಲ್ಲಿ ಆಗುತ್ತಿತ್ತು. ಈಗಿನದರಲ್ಲಿ ಸರಿಯಾಗಿ ಬರುತ್ತದೆ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ಹುಬ್ಬಳ್ಳಿ ಥರದ ಫಾಂಟ್‌ಗಳು ಉಚಿತವಾಗಿ ಸಿಗುತ್ತವೆ. ಟೀಚರ್ ದಪ್ಪ ಫಾಂಟ್‌ನಲ್ಲಿ ಹೆಸರು ಟೈಪ್ ಮಾಡಿ, ಆ ಆಕಾರವನ್ನು ಸೆಲೆಕ್ಟ್ ಮಾಡಿ, ಕಿಟ್‌ನ ಹೊಳೆಯುವ ಕಾಗದವನ್ನು ಅದರೊಳಗೆ ತುಂಬಿಸಿ, ನೆರಳು ಕೊಡುತ್ತಿದ್ದರು. ನೋಡಿದವರು ಕನ್ನಡ ಆಲ್ಫಾ ಎಲ್ಲಿ ಸಿಗುತ್ತದೆ ಅಂತ ಕೇಳಿದರು.

ಖರೀದಿಯ ಮೇಲೆ ಇದರ ಪರಿಣಾಮ ನೇರವಾಗಿತ್ತು. ಆಲ್ಫಾಗೆ ದುಡ್ಡು ಕೊಡುವುದು ನಿಂತಿತು. ಹೊಳೆಯುವ ಕಾಗದ, ಬಟ್ಟೆಯ ನೇಯ್ಗೆ ಇರುವ ಕಾಗದ ಇದೆಯಾ ಅಂತ ನೋಡುವುದು ಶುರುವಾಯಿತು. ಅಕ್ಷರಕ್ಕೆ ಹೊಳಪು, ನೆರಳು ಒಂದೇ ಸಲಕ್ಕೆ ಹಾಕಲು ಫೋಟೋಶಾಪ್‌ಗೆಂದು ಕೊಡುವ ಎಎಸ್ಎಲ್ ಸ್ಟೈಲ್ ಫೈಲ್‌ಗಳು ಗಿಂಪ್‌ನಲ್ಲಿ ನಡೆಯುವುದಿಲ್ಲ. ಹಾಗಾಗಿ ಸ್ಟೈಲ್ ಸೇರಿಸಿ ಬೆಲೆ ಏರಿಸಿದ ಕಟ್ಟುಗಳೂ ಪಟ್ಟಿಯಿಂದ ಹೋದವು. ಯಾವ ಸಾಫ್ಟ್‌ವೇರ್ ಬಳಸುತ್ತೇವೆ ಅನ್ನುವುದು ಯಾವ ಕಿಟ್ ಕೊಳ್ಳುತ್ತೇವೆ ಅನ್ನುವುದನ್ನು ಎಷ್ಟು ನಿರ್ಧರಿಸುತ್ತದೆ ಅಂತ ನೋಡಿ.

ಫೋಟೋ, ಪ್ರಿಂಟ್, ಕಾರ್ಡ್

ಮಗಳು ಬೆಂಗಳೂರಿನಿಂದ ಕಳಿಸುವ ಫೋಟೋಗಳು ವಾಟ್ಸಾಪ್‌ನಲ್ಲಿ ಬರುತ್ತವೆ. ಸಾಮಾನ್ಯ ಗುಣಮಟ್ಟದಲ್ಲಿ ಬಂದರೆ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಕುಗ್ಗಿರುತ್ತದೆ. ಇಂಚಿಗೆ 300ರ ಲೆಕ್ಕದಲ್ಲಿ ಅದು ಐದು ಇಂಚಿಗೆ ಸ್ವಲ್ಪ ಜಾಸ್ತಿ. ಪುಟ ತುಂಬ ಒಂದೇ ಫೋಟೋ ಹಾಕಲು ಆಗುವುದಿಲ್ಲ. ಆದ್ದರಿಂದ ನಾಲ್ಕೈದು ಚಿಕ್ಕ ಫೋಟೋ ಕೂರುವ ಟೆಂಪ್ಲೇಟ್, ಚಿಕ್ಕ ಫ್ರೇಮ್ ಇರುವ ಕಟ್ಟು ಅವರಿಗೆ ಹೆಚ್ಚು ಬೇಕಾಯಿತು. ಈಗ ಮಗಳಿಗೆ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಲು ಹೇಳಿಕೊಟ್ಟಿದ್ದಾರೆ, ಹಾಗೆ ಕಳಿಸಿದರೆ ಫೋಟೋ ಕುಗ್ಗುವುದಿಲ್ಲ.

ಪ್ರಿಂಟ್ ವಿಷಯದಲ್ಲಿ ನಮ್ಮ ಊರಿನ ಅನುಕೂಲ ಒಂದಿದೆ. ಮದುವೆ ಆಲ್ಬಮ್ ಮಾಡುವ ಲ್ಯಾಬ್‌ಗಳಲ್ಲಿ 12 ಇಂಚಿಗೆ 36 ಇಂಚಿನ ಹಾಳೆ ಜಾಸ್ತಿ ನಡೆಯುತ್ತದೆ, 12ಕ್ಕೆ 24ರ ಹಾಳೆಯೂ ಸಿಗುತ್ತದೆ. 12ಕ್ಕೆ 24ರಲ್ಲಿ ಎರಡು ಸ್ಕ್ರ್ಯಾಪ್‌ಬುಕ್ ಪುಟ ಪಕ್ಕಪಕ್ಕ ಸರಿಯಾಗಿ ಕೂರುತ್ತವೆ, ಮಡಿಕೆ ನಡುವೆ ಬೀಳುತ್ತದೆ. 36ರ ಹಾಳೆಯಲ್ಲಿ ಮೂರು ಪುಟ ಹಾಕಿದರೆ ಮಡಿಕೆ ಮಧ್ಯದ ಪುಟದ ಎದೆ ಮೇಲೆ ಬರುತ್ತದೆ, ಬೇಡ. ಲ್ಯಾಬ್‌ನಲ್ಲಿ ಅಂಚು ಸ್ವಲ್ಪ ಕತ್ತರಿಸುತ್ತಾರೆ. ಅದಕ್ಕೇ ಅಂಚಿನ ಸುತ್ತ ಬಾರ್ಡರ್ ಇರುವ ಕಾಗದಗಳನ್ನು ಟೀಚರ್ ಕೊಳ್ಳುವುದಿಲ್ಲ. ಬಾರ್ಡರ್ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಆಗಿಬಿಡುತ್ತದೆ.

ದುಡ್ಡಿನ ಮಾತು ಚಿಕ್ಕದು. ಆರು ಡಾಲರ್‌ನ ಕಿಟ್ ಅಂದರೆ ಐನೂರು ರೂಪಾಯಿ ದಾಟುತ್ತದೆ, ಮೇಲೆ ಬ್ಯಾಂಕಿನ ವಿದೇಶಿ ವ್ಯವಹಾರದ ಶುಲ್ಕ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಮಾರ್ಚ್ 16ರಿಂದ ಹೊಸ ಕಾರ್ಡ್‌ಗಳಲ್ಲಿ ಆನ್‌ಲೈನ್ ಮತ್ತು ವಿದೇಶಿ ಬಳಕೆ ಬಂದ್ ಆಗಿರುತ್ತದೆ, ನಾವೇ ಆನ್ ಮಾಡಿಕೊಳ್ಳಬೇಕು. ಟೀಚರ್ ಮಿತಿಯನ್ನು ಕಡಿಮೆ ಇಟ್ಟು, ಕೊಳ್ಳುವ ದಿನ ಮಾತ್ರ ಆನ್ ಮಾಡುತ್ತಾರೆ. ಇದರಿಂದ ಅಂದುಕೊಳ್ಳದ ಲಾಭವೂ ಆಯಿತು. ಬ್ಯಾಂಕ್ ಆ್ಯಪ್ ತೆರೆದು ಆನ್ ಮಾಡುವಷ್ಟರಲ್ಲಿ ಸುಮಾರು ಕಿಟ್‌ಗಳ ಮೇಲಿನ ಆಸೆ ಇಳಿದುಹೋಗುತ್ತಿತ್ತು.

ಪಕ್ಕದ ಮನೆಯ ಸೀಮಂತ

ಆಲ್ಬಮ್ ನೋಡಿದ ಪಕ್ಕದ ಮನೆಯವರು ತಮ್ಮ ಸೊಸೆಯ ಸೀಮಂತದ್ದೂ ಮಾಡಿಕೊಡಿ, ದುಡ್ಡು ಕೊಡುತ್ತೇವೆ ಅಂದರು. ಟೀಚರ್ ತಕ್ಷಣ ಒಪ್ಪಲಿಲ್ಲ. ಜಿಪ್ ಒಳಗಿನ ನಿಯಮದ ಫೈಲ್ ತೆರೆದು ಓದಿದರು. ಸಾಮಾನ್ಯ ಕಿಟ್‌ಗಳು ಸ್ವಂತ ಬಳಕೆಗೆ ಮಾತ್ರ. ನಮ್ಮ ಮನೆಗೆ ಪ್ರಿಂಟ್ ಮಾಡಬಹುದು, ಪುಟ ಉಡುಗೊರೆ ಕೊಡಬಹುದು, ಕಿಟ್ ಫೈಲ್ ಬೇರೆಯವರಿಗೆ ಕೊಡುವಂತಿಲ್ಲ. ದುಡ್ಡು ತಗೊಂಡು ಬೇರೆಯವರಿಗೆ ಪುಟ ಮಾಡಿಕೊಡಲು ಪ್ರತ್ಯೇಕ ಅನುಮತಿ ಬೇಕು. ಅದನ್ನು ಸ್ಕ್ರ್ಯಾಪ್ ಫಾರ್ ಹೈರ್ ಅಂತಾರೆ. ಕೆಲವರು ಉಚಿತವಾಗಿ ಒಪ್ಪುತ್ತಾರೆ, ಕೆಲವರು ಶುಲ್ಕ ಕೇಳುತ್ತಾರೆ, ಕೆಲವರು ಬೇಡವೇ ಬೇಡ ಅನ್ನುತ್ತಾರೆ.

ನಮ್ಮ ಆಲ್ಬಮ್ ಡಿಸೈನ್ ಲೋಕದಲ್ಲಿ ಪಿಎಸ್‌ಡಿ ಟೆಂಪ್ಲೇಟ್‌ಗಳು, ಅಂದರೆ ಫೋಟೋಶಾಪ್‌ನಲ್ಲಿ ಮೊದಲೇ ಮಾಡಿಟ್ಟ ಪುಟಗಳು, ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಓಡಾಡುತ್ತವೆ. ಯಾರು ಮಾಡಿದ್ದು ಅಂತ ಯಾರೂ ಕೇಳುವುದಿಲ್ಲ. ಅದರೊಳಗಿನ ಹೂವನ್ನು ಯಾರೋ ಒಬ್ಬರು ಗಂಟೆಗಟ್ಟಲೆ ಕೂತು ಕತ್ತರಿಸಿದ್ದಾರೆ, ಅವರಿಗೆ ಬೆಲೆ ಸಿಗಬೇಕು ಅಂತ ನಾನು ಮನಸಾರೆ ನಂಬುತ್ತೇನೆ. ಟೀಚರ್ ಆ ಫೈಲ್ ಓದಿದ್ದು ನೋಡಿ ಬಹಳ ಗೌರವ ಬಂತು. ತಮ್ಮಲ್ಲಿದ್ದ ಕಿಟ್‌ಗಳನ್ನು ಅವರು ಆ ಕೆಲಸಕ್ಕೆ ಮುಟ್ಟಲಿಲ್ಲ. ಅನುಮತಿ ಕೊಡುವ ಒಬ್ಬ ಡಿಸೈನರ್‌ನ ಕಿಟ್ ಹುಡುಕಿದರು. ಬಣ್ಣ ಹೊಂದಿತು, ಆದರೆ ಪೂರ್ತಿ ಕಟ್ಟಾಗಿ ಮಾತ್ರ ಮಾರಾಟಕ್ಕಿತ್ತು. ಕಾಗದ ಮಾತ್ರ ಸಿಗುತ್ತದಾ ಅಂತ ಇಮೇಲ್ ಬರೆದರು, ಬಳೆ ತೊಡಿಸುವ ಒಂದು ಫೋಟೋ ಜೊತೆಗಿಟ್ಟು. ಆ ಡಿಸೈನರ್ ಕಾಗದಗಳನ್ನು ಬೇರೆ ಮಾಡಿ ಅಂಗಡಿಯಲ್ಲಿ ಹಾಕಿದರು. ಅಲ್ಲಿಂದ ಈಚೆಗೆ ಟೀಚರ್ ಅವರಿಂದಲೇ ಮತ್ತೆ ಮತ್ತೆ ಕೊಂಡಿದ್ದಾರೆ.

ಎಲಿಮೆಂಟ್‌ಗಳನ್ನು ಈಗ ತಾವೇ ಮಾಡಿಕೊಳ್ಳುತ್ತಾರೆ. ಚೆಂಡುಹೂವು, ವೀಳ್ಯದೆಲೆ, ಹಸಿರು ಗಾಜಿನ ಬಳೆಯನ್ನು ಬಿಳಿ ಹಾಳೆಯ ಮೇಲೆ ಇಟ್ಟು, ಕಿಟಕಿ ಬೆಳಕಿನಲ್ಲಿ ಮೊಬೈಲ್‌ನಿಂದ ಫೋಟೋ ತೆಗೆದು, ಗಿಂಪ್‌ನಲ್ಲಿ ಅಂಚು ಕತ್ತರಿಸಿ, ಪಿಎನ್‌ಜಿ ಮಾಡಿ ಇಡುತ್ತಾರೆ. ಮುಂದಿನ ಮೇ ತಿಂಗಳ ಸೇಲ್‌ಗೆ ಅವರ ನೋಟ್‌ಬುಕ್‌ನಲ್ಲಿ ಇರುವುದು ಎರಡೇ ಸಾಲು: ಬೂದು ಮತ್ತು ಕಂದು ಬಣ್ಣದ ಸಾದಾ ಕಾಗದದ ಒಂದು ಕಟ್ಟು, ಆರು ಚಿಕ್ಕ ಫೋಟೋ ಕೂರುವ ಒಂದು ಟೆಂಪ್ಲೇಟ್. ಗುಬ್ಬಿಯ ತವರುಮನೆಯ ಕಪ್ಪು ಬಿಳುಪು ಫೋಟೋಗಳ ಆಲ್ಬಮ್ ಶುರು ಮಾಡಲಿದ್ದಾರೆ.